ತವರಿಗೆ ಹೋಗುವಾಗ ತಾಯಿ ಕಾರ್ಡಿನ ಜೊತೆ ನಿಮ್ಮ ಹೆಸರೂ ಹೋಗಲಿ

ಪ್ರಶ್ನೆ: ನಾನು ಮೈಸೂರಿನ ಬೋಗಾದಿ ಕಡೆ ಬಾಡಿಗೆ ಮನೆಯಲ್ಲಿದ್ದೇನೆ. ಚೊಚ್ಚಲ ಬಸಿರು, ಈಗ ಐದು ತಿಂಗಳು. ಖಾಸಗಿ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದೇನೆ. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ಪಾಂಡವಪುರ ತಾಲ್ಲೂಕಿನ ತವರೂರಿಗೆ ಹೋಗಬೇಕು. ಹೆರಿಗೆ, ಬಾಣಂತನ ಎರಡೂ ಅಲ್ಲೇ. ಇಂಗ್ಲೆಂಡಿನಲ್ಲಿರುವ ನನ್ನ ಅಕ್ಕನಿಗೆ ಹೆರಿಗೆಯಾದಾಗ ಮೊದಲು ಮಿಡ್‌ವೈಫ್, ಆಮೇಲೆ ಹೆಲ್ತ್ ವಿಸಿಟರ್ ಎಂಬುವರು ಮನೆಗೇ ಬಂದು ತಾಯಿ ಮಗುವನ್ನು ನೋಡಿ ಹೋಗುತ್ತಿದ್ದರಂತೆ. ಇಲ್ಲಿ ನಮ್ಮ ಮನೆಯ ಬಾಗಿಲನ್ನು ಇದುವರೆಗೆ ಯಾರೂ ತಟ್ಟಿಲ್ಲ. ಅಮ್ಮ ಮಾತ್ರ ‘ನೀನು ಹುಟ್ಟಿದಾಗ ನರ್ಸಮ್ಮ ಮನೆಗೆ ಬರುತ್ತಿದ್ದರು’ ಎನ್ನುತ್ತಾರೆ. ಆ ವ್ಯವಸ್ಥೆ ಈಗಲೂ ಇದೆಯೇ? ಇದ್ದರೆ ನಾನು ಏನು ಮಾಡಬೇಕು? ಬಾಣಂತಿಗೆ ಹೆಚ್ಚು ನೀರು ಕೊಡಬಾರದು ಎಂಬ ಅಮ್ಮನ ಮಾತು ಸರಿಯೇ?

ಉತ್ತರ: ಆ ವ್ಯವಸ್ಥೆ ಇದೆ. ನಿಮ್ಮ ತಾಯಿ ನೆನೆಸಿಕೊಳ್ಳುವ ನರ್ಸಮ್ಮನ ಕೆಲಸವನ್ನೇ ನಾನು ಮಂಡ್ಯ ಜಿಲ್ಲೆಯಲ್ಲಿ ಮೂವತ್ತೊಂದು ವರ್ಷ ಮಾಡಿದ್ದೇನೆ. ಮೊದಲು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಕೊನೆಯ ಹನ್ನೆರಡು ವರ್ಷ ಹಿರಿಯ ಮಹಿಳಾ ಆರೋಗ್ಯ ಸಹಾಯಕಿ. ಈ ಎರಡನೆಯ ಹುದ್ದೆಗೆ ಹಳೆಯ ಕಾಗದಪತ್ರಗಳಲ್ಲಿದ್ದ ಹೆಸರು ‘ಲೇಡಿ ಹೆಲ್ತ್ ವಿಸಿಟರ್’. ನಿಮ್ಮ ಅಕ್ಕನ ಮನೆಗೆ ಬಂದವರ ಹೆಸರೂ ನಮ್ಮ ಹೆಸರೂ ಒಂದೇ. ಹಾಗಾಗಿ ನಿಮ್ಮ ಪ್ರಶ್ನೆಯನ್ನು ಓದಿದಾಗ ಸಂತೋಷವೂ ಆಯಿತು, ‘ಬಾಗಿಲನ್ನು ಯಾರೂ ತಟ್ಟಿಲ್ಲ’ ಎಂಬ ಸಾಲಿನಲ್ಲಿ ನೋವೂ ಆಯಿತು.

ವ್ಯವಸ್ಥೆ ಹೇಗಿದೆ ಎಂದು ಮೊದಲು ಹೇಳುತ್ತೇನೆ. ಬಯಲುಸೀಮೆಯ ಹಳ್ಳಿಗಳಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ. ಅಲ್ಲಿ ನರ್ಸಮ್ಮ ಇರುತ್ತಾರೆ. ಈಗ ಅವರ ಹುದ್ದೆಯ ಹೆಸರು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಜನರ ಬಾಯಲ್ಲಿ ಇನ್ನೂ ನರ್ಸಮ್ಮನೇ, ನಾನೂ ಹಾಗೆಯೇ ಬರೆಯುತ್ತೇನೆ. ಹೆಚ್ಚಿನ ಉಪಕೇಂದ್ರಗಳಿಗೆ ಈಚಿನ ವರ್ಷಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯೂ ಬಂದಿದ್ದಾರೆ. ಇವರ ಜೊತೆ ಕೈಜೋಡಿಸುವವರು, ಸುಮಾರು ಸಾವಿರ ಜನಕ್ಕೆ ಒಬ್ಬರಂತೆ, ಅದೇ ಊರಿನ ಆಶಾ ಕಾರ್ಯಕರ್ತೆ. ಹೆರಿಗೆಯಾದ ಮೇಲೆ ಮನೆಗೆ ಬರುವುದು ಮುಖ್ಯವಾಗಿ ಆಶಾ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೇ ದಿನ, ಒಟ್ಟು ಆರು ಸಲ ಬರಬೇಕು. ಸಿಸೇರಿಯನ್ ಆಗಿ ಆಸ್ಪತ್ರೆಯಲ್ಲೇ ಉಳಿದಿದ್ದರೆ ಲೆಕ್ಕ 7ನೇ ದಿನದಿಂದ ಶುರುವಾಗುತ್ತದೆ. ಆಮೇಲೂ ಬಿಡುವಂತಿಲ್ಲ, ಮಗುವಿಗೆ ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದು ತಿಂಗಳಾದಾಗ ಮತ್ತೆ ಐದು ಭೇಟಿ.

ಇಂಗ್ಲೆಂಡಿನಲ್ಲಿ ಹೆರಿಗೆಯ ಬಳಿಕ ಕನಿಷ್ಠ ಹತ್ತು ದಿನ ಮಿಡ್‌ವೈಫ್‌ನ ಹೊಣೆ, 10ರಿಂದ 14ನೇ ದಿನದ ನಡುವೆ ಹೆಲ್ತ್ ವಿಸಿಟರ್ ಮನೆಗೆ ಬಂದು ಆ ಹೊಣೆ ತೆಗೆದುಕೊಳ್ಳುತ್ತಾರೆ. ಭೇಟಿಗಳನ್ನು ಎಣಿಸಿದರೆ ನಮ್ಮ ಪಟ್ಟಿ ಅದಕ್ಕಿಂತ ಚಿಕ್ಕದೇನಲ್ಲ. ವ್ಯತ್ಯಾಸ ಬೇರೆ ಕಡೆ ಇದೆ. ಅಲ್ಲಿನ ಹೆಲ್ತ್ ವಿಸಿಟರ್ ನರ್ಸಿಂಗ್ ಅಥವಾ ಮಿಡ್‌ವೈಫರಿ ಓದಿ, ಅದರ ಮೇಲೆ ಇನ್ನೊಂದು ತರಬೇತಿ ಪಡೆದವರು, ಸಂಬಳದ ನೌಕರರು. ನಮ್ಮ ಆಶಾ ಅದೇ ಊರಿನ ಸೊಸೆ, ಕೆಲವು ವಾರಗಳ ತರಬೇತಿ ಪಡೆದವಳು. ಆ ಆರು ಭೇಟಿಗಳನ್ನೂ ಮುಗಿಸಿದರೆ ಅವಳಿಗೆ ನಿಗದಿಯಾಗಿರುವ ಪ್ರೋತ್ಸಾಹಧನ 250 ರೂಪಾಯಿ. ಮಳೆಯಲ್ಲಿ ಗದ್ದೆ ಬದುವಿನ ಮೇಲೆ ನಡೆದು ಬರುವವಳಿಗೆ ಒಂದು ಭೇಟಿಗೆ ನಲವತ್ತೆರಡು ರೂಪಾಯಿಯೂ ಬೀಳುವುದಿಲ್ಲ. ಇದು ಅನ್ಯಾಯ ಎಂದು ನಾನು ಸೇವೆಯಲ್ಲಿದ್ದಾಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಆದರೂ ಚೆನ್ನಾಗಿ ಕಲಿತ ಆಶಾ ಮಾಡುವ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಿ. ಬಂದವಳು ಮೊದಲು ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆಯುತ್ತಾಳೆ. ಮಗುವನ್ನು ಎತ್ತಿಕೊಳ್ಳುವ ಅವಸರವಿಲ್ಲ. ಮಲಗಿರುವಾಗಲೇ ಹೊದಿಕೆ ಸರಿಸಿ, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಾಳೆ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವಂತಿಲ್ಲ, ಹಸುಗೂಸಿನ ಉಸಿರು ಒಂದೇ ಸಮ ಇರುವುದಿಲ್ಲ. 60 ಮುಟ್ಟಿದರೆ ಇನ್ನೊಮ್ಮೆ ಎಣಿಕೆ. ಆಗಲೂ ಅಷ್ಟೇ ಬಂದರೆ ಆಸ್ಪತ್ರೆಗೆ ಹೊರಡಬೇಕು. ಆಮೇಲೆ ಕಂಕುಳಲ್ಲಿ ಥರ್ಮಾಮೀಟರ್. 36.5 ಡಿಗ್ರಿಗಿಂತ ಕಡಿಮೆಯಾದರೆ ಮಗು ತಣ್ಣಗಾಗಿದೆ, 37.5 ದಾಟಿದರೆ ಜ್ವರ. ಕೊನೆಗೆ ಬಟ್ಟೆಯ ಜೋಳಿಗೆಯಲ್ಲಿ ಮಗುವನ್ನು ಮಲಗಿಸಿ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ಮೇಲೆತ್ತಿ, ಮುಳ್ಳು ನಿಲ್ಲುವವರೆಗೆ ಕಾಯುತ್ತಾಳೆ. ಆ ಗಳಿಗೆಯಲ್ಲಿ ಮನೆಯವರೆಲ್ಲ ಉಸಿರು ಬಿಗಿಹಿಡಿದು ಮುಳ್ಳನ್ನೇ ನೋಡುತ್ತಾರೆ. ಹುಟ್ಟಿದ ಮೊದಲ ವಾರ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ. ಎರಡನೇ ವಾರದಲ್ಲಿ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. 14ನೇ ದಿನದ ಭೇಟಿಯ ಬೆಲೆ ಇರುವುದು ಇಲ್ಲಿ. ಎದೆಹಾಲು ಸಾಲುತ್ತಿದೆಯೇ ಇಲ್ಲವೇ ಎಂಬ ಅತ್ತೆ, ಅಮ್ಮ, ನೆರೆಮನೆಯವರ ವಾದವನ್ನು ಆ ಮುಳ್ಳು ತೀರ್ಮಾನ ಮಾಡುತ್ತದೆ. ಹಾಲಿನ ಪುಡಿಯ ಡಬ್ಬಿ ಮನೆಯೊಳಗೆ ಬರುವುದನ್ನು ಹೀಗೆ ತಡೆದ ಆಶಾಗಳು ಎಷ್ಟೋ ಮಂದಿ.

ಇಷ್ಟೆಲ್ಲ ಇದ್ದೂ ನಿಮ್ಮ ಬಾಗಿಲು ಏಕೆ ತಟ್ಟಲಿಲ್ಲ? ಈ ಸೇವೆ ನಡೆಯುವುದು ಹೆಸರಿನ ಮೇಲೆ. ಯಾವ ನರ್ಸಮ್ಮನ ನೋಂದಣಿ ಪುಸ್ತಕದಲ್ಲಿ ನಿಮ್ಮ ಹೆಸರಿದೆಯೋ ಅವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಹಳ್ಳಿಯಲ್ಲಿ ಬಸಿರಿಯ ಸುದ್ದಿ ನೀರಿನ ಟ್ಯಾಂಕಿನ ಹತ್ತಿರವೇ ಆಶಾಳ ಕಿವಿಗೆ ಬೀಳುತ್ತದೆ. ನಗರದಲ್ಲಿ ಹಾಗಲ್ಲ. ಅಲ್ಲಿ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ, ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಚಿಕಿತ್ಸಾಲಯಗಳಿವೆ, ಆಶಾಗಳೂ ಇದ್ದಾರೆ. ಆದರೆ ಅವರ ನಡಿಗೆ ಹೆಚ್ಚಾಗಿ ಕೊಳೆಗೇರಿ, ಬಡಬಗ್ಗರ ಬಡಾವಣೆಗಳ ಕಡೆಗೆ. ಗೇಟು ಹಾಕಿದ ಬಾಡಿಗೆ ಮನೆಯಲ್ಲಿದ್ದು ಖಾಸಗಿ ಆಸ್ಪತ್ರೆಗೆ ಹೋಗಿ ಬರುವ ನಿಮ್ಮಂಥವರು ಯಾರ ಪುಸ್ತಕದಲ್ಲೂ ಇರುವುದಿಲ್ಲ. ಏಳನೇ ತಿಂಗಳಲ್ಲಿ ತವರಿಗೆ ಹೋದರೆ ಅಲ್ಲಿಯ ಪುಸ್ತಕದಲ್ಲೂ ಇರುವುದಿಲ್ಲ. ಹಳೇ ಮೈಸೂರು ಸೀಮೆಯಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂಬುದು ಗಟ್ಟಿ ಪದ್ಧತಿ. ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಬಾಣಂತಿಗೆ ಹೆತ್ತ ತಾಯಿಯ ಕೈ ಬೇಕು. ಆದರೆ ನನ್ನ ಸೇವೆಯಲ್ಲಿ ನಮ್ಮ ಕೈತಪ್ಪಿದ ಪ್ರಕರಣಗಳನ್ನು ನೆನೆದರೆ, ಹೆಚ್ಚಿನವು ಈ ಗಂಡನ ಮನೆಗೂ ತವರಿಗೂ ನಡುವಿನ ಸಂದಿಯಲ್ಲೇ ಆದವು.

ಒಂದನ್ನು ಹೇಳುತ್ತೇನೆ. ಮದ್ದೂರು ತಾಲ್ಲೂಕಿನ ಒಂದು ಹಳ್ಳಿ, ಗುರುವಾರ, ಲಸಿಕೆಯ ದಿನ. ಲಸಿಕೆಗೆ ಬಾರದ ಮಗುವೊಂದನ್ನು ಹುಡುಕಿಕೊಂಡು ಹೋಗಿದ್ದೆ. ಪಕ್ಕದ ಮನೆಯ ತಂತಿಯ ಮೇಲೆ ಸಣ್ಣ ಸಣ್ಣ ಬಟ್ಟೆಗಳು ಒಣಗುತ್ತಿದ್ದವು. ನಮ್ಮ ಪಟ್ಟಿಯ ಪ್ರಕಾರ ಆ ಮನೆಯಲ್ಲಿ ಕೂಸೇ ಇರಲಿಲ್ಲ. ಕೇಳಿದರೆ, ಬೆಂಗಳೂರಿನಲ್ಲಿರುವ ಮಗಳು ಬಂದಿದ್ದಾಳೆ, ಖಾಸಗಿ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಆರು ದಿನ ಆಯಿತು ಎಂದರು. ಒಳಕೋಣೆಯಲ್ಲಿ ಕತ್ತಲು, ಸಾಂಬ್ರಾಣಿ ಹೊಗೆ. ಹುಡುಗಿ ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು ಮಲಗಿದ್ದಳು. ಎರಡು ದಿನದಿಂದ ತಲೆನೋವು, ಕಣ್ಣು ಮಂಜಾಗುತ್ತಿದೆ ಎಂದಳು. ತಂಡಿ ಹೊಡೆದಿದೆ ಎಂದು ಮನೆಯವರು ಕಿಟಕಿಯನ್ನೂ ಮುಚ್ಚಿದ್ದರು. ರಕ್ತದೊತ್ತಡ ನೋಡಿದೆ: 170/110. ನಂಬದೆ ಇನ್ನೊಮ್ಮೆ ನೋಡಿದೆ, ಅಷ್ಟೇ ಇತ್ತು. 108ಕ್ಕೆ ಫೋನು ಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು ಕೊಡಿಸಿ ಮಂಡ್ಯಕ್ಕೆ ಕಳುಹಿಸಿದೆವು. ಉಳಿದಳು. ಆ ದಿನ ಆ ತಂತಿಯ ಮೇಲೆ ಬಟ್ಟೆ ಇಲ್ಲದಿದ್ದರೆ ಏನಾಗುತ್ತಿತ್ತೋ. ಹೆರಿಗೆಯಾದ ಮೂರರಿಂದ ಆರನೇ ದಿನದ ನಡುವೆ ರಕ್ತದೊತ್ತಡ ಏರುವುದುಂಟು. ಬಸಿರಿನಲ್ಲಿ ಎಂದೂ ಏರದವರಲ್ಲೂ ಏರಬಹುದು, ಫಿಟ್ಸ್ ಬರಬಹುದು. ಅಷ್ಟರಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದಾಗಿರುತ್ತದೆ.

ಇನ್ನು ನೀವು ಮಾಡಬೇಕಾದ್ದು. ಈ ವಾರವೇ ನಿಮ್ಮ ಮನೆಗೆ ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆಧಾರ್, ಸ್ಕ್ಯಾನಿಂಗ್ ವರದಿ, ರಕ್ತಪರೀಕ್ಷೆಯ ಚೀಟಿ ಹಿಡಿದು ಹೋಗಿ ಹೆಸರು ಬರೆಸಿ. ಖಾಸಗಿಯಲ್ಲಿ ತೋರಿಸುತ್ತಿದ್ದರೂ ನೋಂದಣಿ ಮಾಡಿಕೊಳ್ಳುತ್ತಾರೆ. ಆಗ ಕೊಡುವ, ತಾಯಿ ಮಗುವಿನ ತಪಾಸಣೆ, ಲಸಿಕೆಗಳನ್ನು ಬರೆದಿಡುವ ತಾಯಿ ಕಾರ್ಡು ಬಡವರಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ಕಾರ್ಡಿನ ಮೇಲೆ ನಿಮ್ಮದೇ ಒಂದು ಸಂಖ್ಯೆ ಬರುತ್ತದೆ, ಅದು ನೀವು ಯಾವ ಊರಿಗೆ ಹೋದರೂ ನಿಮ್ಮದೇ. ಆಮೇಲೆ ನಿಮ್ಮ ಅಮ್ಮನಿಗೆ ಫೋನು ಮಾಡಿ, ಊರಿನ ಆಶಾಗೆ ಈಗಲೇ ವಿಷಯ ತಿಳಿಸಲು ಹೇಳಿ. ಯಾವ ತಿಂಗಳು ಬರುತ್ತೀರಿ, ಹೆರಿಗೆಯ ದಿನ ಯಾವಾಗ, ನಿಮ್ಮ ಮೊಬೈಲ್ ಸಂಖ್ಯೆ ಯಾವುದು ಎಂಬ ಮೂರು ಸಂಗತಿ ಸಾಕು. ತವರಿಗೆ ಹೋದ ಮೊದಲ ಗುರುವಾರವೇ ಉಪಕೇಂದ್ರಕ್ಕೆ ಕಾರ್ಡು ತೆಗೆದುಕೊಂಡು ಹೋಗಿ ಅಲ್ಲಿಯ ಪುಸ್ತಕದಲ್ಲೂ ಬರೆಸಿ. ಅಂಗನವಾಡಿಯಲ್ಲೂ ಹೇಳಿ, ಮಾತೃಪೂರ್ಣ ಯೋಜನೆಯ ಬಿಸಿಯೂಟ ನಿಮಗೂ ಸಲ್ಲುತ್ತದೆ. ಹೆರಿಗೆಯಾದ ದಿನ ಆಸ್ಪತ್ರೆಯಿಂದಲೇ ನಿಮ್ಮ ಗಂಡ ಆಶಾಗೆ ಒಂದು ಕರೆ ಮಾಡಲಿ. ಖಾಸಗಿ ಆಸ್ಪತ್ರೆಯ ಹೆರಿಗೆಯ ಸುದ್ದಿ ಊರಿನ ಆಶಾಗೆ ಬೇಗ ತಲುಪುವುದಿಲ್ಲ, ಮೂರನೇ ದಿನದ ಭೇಟಿ ತಪ್ಪುವುದು ಅಲ್ಲೇ.

ನಿಮಗೀಗ ಐದು ತಿಂಗಳು, ಆದ್ದರಿಂದ ಎರಡು ವಿಷಯ ತಪ್ಪಿಸಬೇಡಿ. 24ರಿಂದ 28ನೇ ವಾರದ ನಡುವೆ ಸಕ್ಕರೆ ನೀರು ಕುಡಿಸಿ ಎರಡು ಗಂಟೆಯ ಮೇಲೆ ಮಾಡುವ ಮಧುಮೇಹ ಪರೀಕ್ಷೆ. ಸೀಮಂತದ ಓಡಾಟದಲ್ಲಿ ಇದು ಮರೆತುಹೋಗುವುದನ್ನು ತುಂಬ ನೋಡಿದ್ದೇನೆ. ಇನ್ನೊಂದು ರಕ್ತಹೀನತೆ. ರಾಜ್ಯದ ಬಸಿರಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಇದು ಇದೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ಅಪಾಯ. ಮುದ್ದೆ ತಿನ್ನುವವರಿಗೆ ರಕ್ತ ಕಡಿಮೆಯಾಗುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ. ರಾಗಿ ಸುಣ್ಣದಂಶಕ್ಕೆ ಬಲು ಒಳ್ಳೆಯದು. ಅದರ ಕಬ್ಬಿಣ ಮಾತ್ರ ಮೈಗೆ ಸುಲಭವಾಗಿ ಹತ್ತುವುದಿಲ್ಲ. ಮುದ್ದೆಯ ಜೊತೆ ಸೊಪ್ಪಿನ ಬಸ್ಸಾರು, ಮೇಲೆ ನಿಂಬೆಹುಳಿ, ತಿನ್ನುವವರಾದರೆ ಮಾಂಸ, ಮೊಟ್ಟೆ ಇರಲಿ. ಕಬ್ಬಿಣದ ಮಾತ್ರೆಯನ್ನು ಊಟವಾದ ಒಂದು ಗಂಟೆಯ ಮೇಲೆ ನಿಂಬೆ ಪಾನಕದ ಜೊತೆ ನುಂಗಿ. ಕಾಫಿ, ಚಹಾ ಅದರ ಹತ್ತಿರ ಸುಳಿಯಬಾರದು. ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಎರಡು ಗಂಟೆಯ ಅಂತರ ಬೇಕು. ಮಲ ಕಪ್ಪಾಯಿತೆಂದು ಹೆದರಿ ಮಾತ್ರೆಯನ್ನು ಹಿತ್ತಲಿಗೆ ಎಸೆದವರು ಎಷ್ಟೋ ಜನ. ಅದರಿಂದ ಏನೂ ಆಗುವುದಿಲ್ಲ. ಹೆರಿಗೆಯಾದ ಮೇಲೂ 180 ದಿನ ನುಂಗಬೇಕು. ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸಿರಿಯರಿಗೆಂದೇ ವೈದ್ಯರ ತಪಾಸಣೆ ಇರುತ್ತದೆ, ತವರಿನಲ್ಲಿದ್ದಾಗ ಒಮ್ಮೆ ಹೋಗಿ ಬನ್ನಿ.

ಮೂರು ತಿಂಗಳೊಳಗೆ ಹೆಸರು ಬರೆಸಿ ಎಂದು ನಾವು ಒತ್ತಾಯಿಸುವುದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ತಂತಿಯ ಮೇಲೆ ಬಟ್ಟೆಯಿದ್ದು ಪುಸ್ತಕದಲ್ಲಿ ಹೆಸರಿಲ್ಲದ ಮನೆಯನ್ನು ಆಗಲೇ ಹೇಳಿದೆ. ಪುಸ್ತಕದಲ್ಲಿ ಹೆಸರಿದ್ದು ತಂತಿಯ ಮೇಲೆ ಬಟ್ಟೆಯೇ ಬಾರದ ಮನೆಗಳನ್ನೂ ನೋಡಿದ್ದೇನೆ. ಮೂರನೇ ತಿಂಗಳಲ್ಲಿ ಬರೆದ ಬಸಿರು ಐದನೇ ತಿಂಗಳಲ್ಲಿ ‘ಹೋಯಿತು’. ಹಾಗೆ ಹೋದದ್ದು ಹೆಚ್ಚಾಗಿ ಒಂದು ಹೆಣ್ಣು ಮಗು ಇರುವ ಮನೆಯಲ್ಲಿ. 2023ರ ಕೊನೆಯಲ್ಲಿ ಮಂಡ್ಯದ ಒಂದು ಆಲೆಮನೆಯೊಳಗೆ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಲಿಂಗಪತ್ತೆ ಮಾಡುತ್ತಿದ್ದ ಜಾಲ ಬಯಲಾದಾಗ ನಾಡೆಲ್ಲ ಬೆಚ್ಚಿತು. ನಮಗೆ, ಪುಸ್ತಕ ಹಿಡಿದು ಮನೆ ಮನೆ ತಿರುಗಿದವರಿಗೆ, ಆ ಖಾಲಿ ಸಾಲುಗಳ ಅರ್ಥ ಆಗ ತಿಳಿಯಿತು. ಲಿಂಗಪತ್ತೆಗೆ ತಡೆ ಹಾಕಿದ ಕಾನೂನು 1994ರಿಂದ ಇದೆ. ಮನೆಯಲ್ಲಿ ಯಾರಾದರೂ ‘ಏನೆಂದು ನೋಡಿಸೋಣ’ ಎಂದರೆ ಬಲವಾಗಿ ಬೇಡ ಎನ್ನಿ.

ನಿಮ್ಮ ಅಕ್ಕನಿಗೆ ಸಿಕ್ಕಂಥ ಮಿಡ್‌ವೈಫ್ ಇಲ್ಲಿ ಸಿಗುತ್ತಾರೆಯೇ? ನಿಜ ಹೇಳಬೇಕೆಂದರೆ ಸದ್ಯಕ್ಕೆ ವಿರಳ. ನಮ್ಮ ಹಿಂದಿನ ತಲೆಮಾರಿನ ನರ್ಸಮ್ಮಂದಿರು ಮುಖ್ಯವಾಗಿ ಸೂಲಗಿತ್ತಿಯರೇ. 1973ರ ಕರ್ತಾರ್ ಸಿಂಗ್ ಸಮಿತಿಯ ಶಿಫಾರಸಿನ ಮೇಲೆ ಅವರನ್ನು ಬಹೂದ್ದೇಶ ಕಾರ್ಯಕರ್ತೆಯರನ್ನಾಗಿ ಮಾಡಿದರು. ಕುಟುಂಬ ಯೋಜನೆಯ ಗುರಿ, ಲಸಿಕೆ, ಮಲೇರಿಯಾ, ಸಮೀಕ್ಷೆ ಎಲ್ಲ ಹೆಗಲೇರಿ, ಹೆರಿಗೆ ಮಾಡಿಸುವ ಕೈ ಪಳಗುವುದು ತಪ್ಪಿತು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅಂಥ ಕೈಗಳು ಮುಗಿಯುತ್ತಾ ಬಂದಿವೆ ಎಂಬ ಸಂಕಟವೂ ಆಯಿತು. ಅದೇ ವರ್ಷ ಕೇಂದ್ರ ಸರ್ಕಾರ ನರ್ಸುಗಳಿಗೆ ಹದಿನೆಂಟು ತಿಂಗಳ ಮಿಡ್‌ವೈಫರಿ ತರಬೇತಿ ಕೊಡುವ ಮಾರ್ಗಸೂಚಿ ಹೊರಡಿಸಿತು. ರಾಜ್ಯದಲ್ಲಿ 2005–06ರ ಹೊತ್ತಿಗೆ ನೂರಕ್ಕೆ 65ರಷ್ಟಿದ್ದ ಆಸ್ಪತ್ರೆ ಹೆರಿಗೆ 2019–21ರ ಸಮೀಕ್ಷೆಯಲ್ಲಿ 97ಕ್ಕೆ ಏರಿತು. ಇದರಿಂದ ಎಷ್ಟೋ ತಾಯಂದಿರು ಉಳಿದರು. ಮನೆಯಲ್ಲೇ ಹೆರಿಗೆ ಮಾಡಿಸಿಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಹೆರಿಗೆ ಆಸ್ಪತ್ರೆಗೆ ಹೋದಾಗ ಗಮನವೆಲ್ಲ ಅದರ ಹಿಂದೆಯೇ ಹೋಯಿತು. ಬಾಣಂತನ ಮಾತ್ರ ಮನೆಯಲ್ಲೇ ಉಳಿಯಿತು.

ಆದ್ದರಿಂದ ಆ ಆರು ವಾರಗಳ ಬಗ್ಗೆ ಮನೆಯವರಿಗೆಲ್ಲ ಹೇಳಿಟ್ಟಿರಿ. ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ, ಚಳಿಜ್ವರ, ವಾಸನೆಯ ಸ್ರಾವ, ಬಿಡದ ತಲೆನೋವು, ಕಣ್ಣು ಮಂಜು, ಒಂದೇ ಕಾಲಿನಲ್ಲಿ ಊತ ನೋವು, ಉಸಿರು ಕಟ್ಟುವುದು, ಇವುಗಳಲ್ಲಿ ಯಾವುದಿದ್ದರೂ ಬೆಳಗಾಗಲಿ ಎಂದು ಕಾಯಬಾರದು. ಮಗು ಮೊಲೆ ಹಿಡಿಯುವುದನ್ನು ಬಿಟ್ಟರೆ, ತಣ್ಣಗಾದರೆ, ಎದೆ ಗುಳಿಬಿದ್ದು ಉಸಿರಾಡಿದರೆ, ಅಂಗಾಲಿನವರೆಗೆ ಹಳದಿಯಾದರೆ ಕೂಡಲೇ 108. ಹೊಕ್ಕುಳಿಗೆ ಎಣ್ಣೆ, ಬೂದಿ, ಅರಿಶಿನ ಏನೂ ಬೇಡ. ಜೇನು, ಸಕ್ಕರೆ ನೀರು, ತೇಯ್ದ ಬಜೆ ಯಾವುದೂ ಆರು ತಿಂಗಳು ಮಗುವಿನ ನಾಲಿಗೆಗೆ ತಾಕಬಾರದು.

ಮನಸ್ಸಿನ ವಿಷಯವನ್ನೂ ಸೇರಿಸುತ್ತೇನೆ. ಇಂಗ್ಲೆಂಡಿನ ಹೆಲ್ತ್ ವಿಸಿಟರ್ ‘ನಿಮ್ಮ ಮನಸ್ಸು ಹೇಗಿದೆ’ ಎಂದು ಕೇಳಿಯೇ ಕೇಳುತ್ತಾರೆ. ನಮ್ಮ ಪಟ್ಟಿಯಲ್ಲಿ ಅದಕ್ಕೆ ಸಿಕ್ಕ ಜಾಗ ಚಿಕ್ಕದು. ಮೊದಲ ಕೆಲವು ದಿನ ಕಾರಣವಿಲ್ಲದೆ ಅಳು ಬರುವುದು ಸಹಜ. ಎರಡು ವಾರ ಕಳೆದರೂ ಮಂಕು ಕವಿದೇ ಇದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಮಗುವಿನ ಮೇಲೆ ಮನಸ್ಸೇ ಹೋಗದಿದ್ದರೆ ವೈದ್ಯರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ. ಹಿರಿಯರು ಬಾಣಂತಿ ಸನ್ನಿ ಎನ್ನುವ ಸ್ಥಿತಿ, ಎಂದರೆ ಬಡಬಡಿಸುವುದು, ಇಲ್ಲದ್ದು ಕಾಣುವುದು, ಕೇಳಿಸುವುದು, ದೆವ್ವದ ಕಾಟವಲ್ಲ. ಅದೇ ದಿನ ಆಸ್ಪತ್ರೆಗೆ ಸೇರಿಸಬೇಕಾದ ಕಾಯಿಲೆ.

ಇನ್ನು ನೀರಿನ ಮಾತು. ನಿಮ್ಮ ತಾಯಿಯ ಬಾಣಂತನದಲ್ಲಿ ಒಳ್ಳೆಯದು ಬಹಳವಿದೆ: ಬಿಸಿನೀರಿನ ಸ್ನಾನ, ಎಣ್ಣೆ ನೀವುವುದು, ಮನೆಗೆಲಸದಿಂದ ಬಿಡುವು, ಬಿಸಿ ಬಿಸಿ ಊಟ. ಅದನ್ನೆಲ್ಲ ಇಟ್ಟುಕೊಳ್ಳಿ. ನೀರು ಕಡಿಮೆ ಮಾಡುವುದನ್ನು ಮಾತ್ರ ಬಿಡಬೇಕು. ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆ, ಮಗುವಿಗೆ ಶೀತವಾಗುತ್ತದೆ ಎಂಬುದು ನಿಜವಲ್ಲ. ನೀರು ಕಡಿಮೆಯಾದರೆ ಮಲಬದ್ಧತೆ, ಉರಿಮೂತ್ರ, ಹೊಲಿಗೆ ಹಾಕಿದ ಜಾಗದ ನೋವು ಹೆಚ್ಚುತ್ತವೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇರುತ್ತದೆ. ಅಮ್ಮನೊಂದಿಗೆ ವಾದಕ್ಕೆ ಇಳಿಯಬೇಡಿ. ಕಾಯಿಸಿ ಆರಿಸಿದ ಬೆಚ್ಚಗಿನ ನೀರು, ಜೀರಿಗೆ ಹಾಕಿ ಕುದಿಸಿದ ನೀರು, ತೆಳ್ಳಗಿನ ರಾಗಿ ಅಂಬಲಿ, ಹಾಲು ಎಂದರೆ ಅವರೂ ಬೇಡ ಎನ್ನುವುದಿಲ್ಲ. ಮಗುವಿಗೆ ಹಾಲೂಡಿಸಲು ಕೂತಾಗಲೆಲ್ಲ ಪಕ್ಕದಲ್ಲಿ ಒಂದು ಚೊಂಬು ಇರಲಿ, ಹಾಲೂಡಿಸಿ ಏಳುವಷ್ಟರಲ್ಲಿ ಒಂದು ಲೋಟವಾದರೂ ಕುಡಿದಿರಬೇಕು. ಏಳನೇ ದಿನದ ಭೇಟಿಗೆ ಆಶಾ ಬಂದಾಗ, ಅಮ್ಮನ ಎದುರಿಗೇ ಇದನ್ನು ಇನ್ನೊಮ್ಮೆ ಹೇಳುವಂತೆ ಕೇಳಿಕೊಳ್ಳಿ. ಮಗಳು ಹೇಳಿದರೆ ಒಪ್ಪದ ತಾಯಂದಿರು ಊರಿನ ಆಶಾ ಹೇಳಿದರೆ ಒಪ್ಪಿದ್ದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.